ನಜ್ಜುಗುಜ್ಜಾದ ಕಾರಿಗೆ ಹೆಲಿಕಾಪ್ಟರ್ ಬೇಡ

ಎಕ್ಸ್‌ಪ್ರೆಸ್‌ವೇಯಲ್ಲಿ ದೊಡ್ಡ ಅಪಘಾತವಾದ ಮರುದಿನ ಈ ದೇಶದಲ್ಲಿ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ: ಏರ್ ಆಂಬುಲೆನ್ಸ್ ಬೇಕು. ಮುಂಬೈ–ಪುಣೆ ರಸ್ತೆಯಿರಲಿ, ನಾಗಪುರದ ಸಮೃದ್ಧಿ ಮಹಾಮಾರ್ಗವಿರಲಿ, ಬೆಂಗಳೂರು–ಮೈಸೂರು ಹೆದ್ದಾರಿಯಿರಲಿ, ಟಿವಿ ಚರ್ಚೆಯಲ್ಲಿ ಯಾರಾದರೊಬ್ಬರು ವಿದೇಶದ ಉದಾಹರಣೆ ಕೊಡುತ್ತಾರೆ, ಮಂತ್ರಿಗಳು ಪರಿಶೀಲಿಸುವ ಭರವಸೆ ಕೊಡುತ್ತಾರೆ. ಎಷ್ಟು ಹೆಲಿಕಾಪ್ಟರ್, ಎಷ್ಟು ಕೋಟಿ, ಹೆಲಿಪ್ಯಾಡ್ ಎಲ್ಲಿ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೇಳಲೇಬೇಕಾದ ಪ್ರಶ್ನೆ ಹಾಗೇ ಉಳಿಯುತ್ತದೆ. ಅಪಘಾತದ ಕರೆ ಬಂದಾಗ ಹೆಲಿಕಾಪ್ಟರ್ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಏನನ್ನು ನೋಡಿ ತೀರ್ಮಾನಿಸುತ್ತಾರೆ?

ಇದಕ್ಕೆ ಉತ್ತರ ಬರೆದಿಡದೆ ಹೆಲಿಕಾಪ್ಟರ್ ಕೊಂಡರೆ ಎರಡರಲ್ಲಿ ಒಂದಾಗುತ್ತದೆ. ಅದು ಬೇಡದ ಕಡೆಗೆಲ್ಲ ಹಾರುತ್ತದೆ. ಇಲ್ಲವೇ ನಿಜವಾಗಿ ಬೇಕಾದವರ ಸರದಿ ಬರುವ ಹೊತ್ತಿಗೆ ಯಾವುದೋ ದೊಡ್ಡ ಮನುಷ್ಯರ ಸೇವೆಯಲ್ಲಿರುತ್ತದೆ. ಮೊದಲನೆಯದನ್ನು ಅಮೆರಿಕ ಅನುಭವಿಸಿ ತಿಳಿದಿದೆ. ಎರಡನೆಯದನ್ನು ಊಹಿಸಿಕೊಳ್ಳಲು ಭಾರತೀಯರಿಗೆ ಯಾವ ಅಧ್ಯಯನವೂ ಬೇಕಿಲ್ಲ.

ಅಮೆರಿಕದ ಕತೆ ಮೇರಿಲ್ಯಾಂಡ್ ರಾಜ್ಯದ್ದು. ಅಪಘಾತದ ಗಾಯಾಳುವಿಗೆ ಮೊದಲ ಒಂದು ಗಂಟೆಯೇ ನಿರ್ಣಾಯಕ ಎಂಬ ‘ಗೋಲ್ಡನ್ ಅವರ್’ ಮಾತನ್ನು ಜಗತ್ತಿಗೆ ಹರಡಿದವರು ಆ ರಾಜ್ಯದ ಬಾಲ್ಟಿಮೋರ್ ನಗರದ ಶಸ್ತ್ರಚಿಕಿತ್ಸಕ ಡಾ. ಆರ್. ಆಡಮ್ಸ್ ಕೌಲಿ. 1970ರಲ್ಲಿ ಅಲ್ಲಿನ ರಾಜ್ಯ ಪೊಲೀಸರು ರಸ್ತೆ ಅಪಘಾತದ ಗಾಯಾಳುಗಳನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸತೊಡಗಿದರು. ಗಾಯಾಳುವಿಗೆ ಬಿಲ್ ಇಲ್ಲ. ವಾಹನ ನೋಂದಣಿಯ ಜೊತೆ ಕಟ್ಟುವ ಹೆಚ್ಚುವರಿ ಶುಲ್ಕದಿಂದ ಖರ್ಚಿನ ಬಹುಭಾಗ ನಡೆಯುತ್ತದೆ. ಹಣದಾಸೆಗೆ ಹಾರಾಟ ಹೆಚ್ಚಿಸುವ ಖಾಸಗಿ ಕಂಪನಿ ನಡುವೆ ಇರಲಿಲ್ಲ. ಮೆಚ್ಚಬೇಕಾದ ವ್ಯವಸ್ಥೆ ಅದು. ಅಂಥಲ್ಲಿಯೇ ಎಡವಟ್ಟಾಯಿತು ಎಂಬುದು ಗಮನಿಸಬೇಕಾದ ವಿಷಯ.

2008ರ ಸೆಪ್ಟೆಂಬರ್ 27ರ ರಾತ್ರಿ ವಾಲ್ಡಾರ್ಫ್ ಎಂಬಲ್ಲಿ ಕಾರು ಅಪಘಾತವಾಯಿತು. ಇಬ್ಬರು ಯುವತಿಯರಿಗೆ ಗಾಯ. ಕಾರು ಜಜ್ಜಿಹೋದ ರೀತಿ ನೋಡಿ, ನಿಯಮದಂತೆ, ಹೆಲಿಕಾಪ್ಟರ್‌ಗೆ ಕರೆ ಹೋಯಿತು. ಹವಾಮಾನ ಕೆಡುತ್ತಿತ್ತು. ಇಬ್ಬರನ್ನೂ ಹತ್ತಿಸಿಕೊಂಡು ಹೊರಟ ಹೆಲಿಕಾಪ್ಟರ್ ಆಸ್ಪತ್ರೆ ತಲುಪಲಾಗದೆ ಆಂಡ್ರ್ಯೂಸ್ ವಾಯುನೆಲೆಯತ್ತ ತಿರುಗಿತು. ಮಂಜು ಮುಸುಕಿದ ಕತ್ತಲಲ್ಲಿ ಕೆಳಗಿಳಿಯುತ್ತ ಉದ್ಯಾನವೊಂದರ ಮರಗಳಿಗೆ ಬಡಿದು ಉರುಳಿತು. ಪೈಲಟ್, ಪ್ಯಾರಾಮೆಡಿಕ್, ಜೊತೆಗೆ ಹತ್ತಿದ್ದ ಆಂಬುಲೆನ್ಸ್ ಸ್ವಯಂಸೇವಕಿ, ಇಬ್ಬರು ಗಾಯಾಳುಗಳಲ್ಲಿ ಒಬ್ಬಳು, ಹೀಗೆ ನಾಲ್ವರು ಸತ್ತರು. ಇನ್ನೊಬ್ಬಳು ತೀವ್ರವಾಗಿ ಗಾಯಗೊಂಡು ಬದುಕಿದಳು. ಕಾರು ಅಪಘಾತ ಕೊಲ್ಲದಿದ್ದವಳನ್ನು ಕಾಪಾಡಲು ಬಂದ ಯಂತ್ರ ಕೊಂದಿತು.

ಮರುವರ್ಷ ಬಂದ ತನಿಖಾ ವರದಿ ಪೈಲಟ್‌ನ ತಪ್ಪು, ಹವಾಮಾನದ ತಪ್ಪು ಅಂದಾಜು, ವಾಯು ಸಂಚಾರ ನಿಯಂತ್ರಣದ ಲೋಪ ಎಲ್ಲವನ್ನೂ ಪಟ್ಟಿ ಮಾಡಿತು. ಆದರೆ ಮೇರಿಲ್ಯಾಂಡ್‌ನಲ್ಲಿ ಅದಕ್ಕಿಂತ ಮೊದಲೇ ಬೇರೊಂದು ಪ್ರಶ್ನೆ ಎದ್ದಿತ್ತು: ಈ ಹಾರಾಟ ಬೇಕಿತ್ತೇ? ರಾಜ್ಯ ತನ್ನ ನಿಯಮ ಬದಲಿಸಿತು. ಗಾಯಾಳುವಿನ ದೇಹಸ್ಥಿತಿ ಕೆಟ್ಟಿದ್ದರೆ ಮೊದಲಿನಂತೆಯೇ ಹೆಲಿಕಾಪ್ಟರ್ ಬರಬಹುದು. ಕೇವಲ ಅಪಘಾತದ ಸ್ವರೂಪ ನೋಡಿ ಕರೆಸುವುದಾದರೆ, ಮೊದಲು ಟ್ರಾಮಾ ಸೆಂಟರ್‌ನ ವೈದ್ಯರೊಂದಿಗೆ ಮಾತಾಡಿ ಅವರ ಸಲಹೆ ಪಡೆಯಬೇಕು. ಇಷ್ಟೇ ಬದಲಾವಣೆ. ಒಂದು ಫೋನ್ ಕರೆ. ಹಾರಾಟಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಅದುವರೆಗಿನ ಎಷ್ಟೋ ಹಾರಾಟಗಳಿಗೆ ಆ ಒಂದು ಪ್ರಶ್ನೆಯನ್ನು ಎದುರಿಸುವ ಶಕ್ತಿಯೂ ಇರಲಿಲ್ಲ ಎಂದಾಯಿತು.

ಇದು ಒಂದು ರಾಜ್ಯದ ಕತೆ ಮಾತ್ರ ಅಲ್ಲ. ಅಪಘಾತ ಸ್ಥಳದಿಂದ ಹೆಲಿಕಾಪ್ಟರ್‌ನಲ್ಲಿ ಸಾಗಿಸಿದವರ ಬಗೆಗಿನ 22 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2006ರಲ್ಲಿ ಪ್ರಕಟವಾಯಿತು. ಒಟ್ಟು 37,350 ಗಾಯಾಳುಗಳು. ಗಾಯದ ತೀವ್ರತೆಯ ಅಳತೆಗೋಲಿನಲ್ಲಿ ಅವರಲ್ಲಿ ನೂರಕ್ಕೆ 60 ಮಂದಿಯದು ಪ್ರಾಣಾಪಾಯದ ಗಾಯವಾಗಿರಲಿಲ್ಲ. ಸುಮಾರು ಕಾಲು ಭಾಗದಷ್ಟು ಜನ 24 ಗಂಟೆಯೊಳಗೆ ಆಸ್ಪತ್ರೆಯಿಂದ ಮನೆಗೆ ಹೋಗಿದ್ದರು. ಮರುದಿನ ಮನೆಗೆ ನಡೆದು ಹೋಗುವವರಿಗಾಗಿ ಕತ್ತಲಲ್ಲಿ, ಮಳೆಯಲ್ಲಿ, ವಿದ್ಯುತ್ ತಂತಿಗಳ ನಡುವೆ ಸಿಬ್ಬಂದಿಯ ಜೀವ ಪಣಕ್ಕಿಡಲಾಗುತ್ತಿತ್ತು.

ಹೀಗೇಕಾಯಿತು? ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಂಡದ್ದರಿಂದ. ಗಾಯಾಳುವನ್ನು ಎಲ್ಲಿಗೆ ಒಯ್ಯಬೇಕು ಎಂಬುದು ಒಂದು ಪ್ರಶ್ನೆ. ಹೇಗೆ ಒಯ್ಯಬೇಕು ಎಂಬುದು ಇನ್ನೊಂದು. ಕಾರಿನ ಬಾಗಿಲು ಒಂದು ಅಡಿಗಿಂತ ಹೆಚ್ಚು ಒಳಕ್ಕೆ ನುಗ್ಗಿದೆ, ಪ್ರಯಾಣಿಕ ಹೊರಕ್ಕೆ ಎಸೆಯಲ್ಪಟ್ಟಿದ್ದಾನೆ, ಅದೇ ಕಾರಿನಲ್ಲಿ ಇನ್ನೊಬ್ಬರು ಸತ್ತಿದ್ದಾರೆ ಎಂಬ ಚಿಹ್ನೆಗಳು ಅಮೆರಿಕದ ಮಾರ್ಗಸೂಚಿಯಲ್ಲಿರುವುದು ಮೊದಲ ಪ್ರಶ್ನೆಗೆ ಉತ್ತರವಾಗಿ. ಹೊರಗೆ ಚೆನ್ನಾಗಿ ಕಾಣುವವನ ಒಳಗೆ ರಕ್ತಸ್ರಾವ ಇರಬಹುದು, ಆದ್ದರಿಂದ ಟ್ರಾಮಾ ಸೆಂಟರ್‌ಗೆ ಒಯ್ಯಿರಿ ಎಂದು ಅದರ ಅರ್ಥ. ಇದು ಸರಿಯಾದ ಎಚ್ಚರಿಕೆ. ಅಗತ್ಯವಿಲ್ಲದ ನೂರಕ್ಕೆ 25ರಿಂದ 35 ಮಂದಿಯನ್ನು ಟ್ರಾಮಾ ಸೆಂಟರ್‌ಗೆ ಕರೆತಂದರೂ ಪರವಾಗಿಲ್ಲ, ಅಗತ್ಯವಿರುವವರಲ್ಲಿ ನೂರಕ್ಕೆ ಐವರಿಗಿಂತ ಹೆಚ್ಚು ತಪ್ಪಿಹೋಗಬಾರದು ಎಂದು ಅಮೆರಿಕದ ಶಸ್ತ್ರಚಿಕಿತ್ಸಕರ ಸಂಘವೇ ಹೇಳಿದೆ. ಆದರೆ ಆ ರಿಯಾಯಿತಿ ಇರುವುದು ಆಸ್ಪತ್ರೆಯ ಆಯ್ಕೆಗೆ. ಅನುಮಾನಕ್ಕೆ ದೊಡ್ಡ ಆಸ್ಪತ್ರೆಗೆ ಹೋದರೆ ಆಗುವ ನಷ್ಟ ಒಂದು ಸ್ಕ್ಯಾನ್, ಒಂದು ಹಾಸಿಗೆ, ಕೆಲವು ಗಂಟೆ. ಅನುಮಾನಕ್ಕೆ ಹಾರಿದರೆ ಆಗಬಹುದಾದ ನಷ್ಟ ವಾಲ್ಡಾರ್ಫ್‌ನವರಿಗೆ ಗೊತ್ತು.

ಜಜ್ಜಿದ ಕಾರು ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಇಂದಿನ ಕಾರುಗಳ ಮುಂಭಾಗ ಜಜ್ಜಿಹೋಗಲೆಂದೇ ವಿನ್ಯಾಸಗೊಂಡಿದೆ. ಡಿಕ್ಕಿಯ ಹೊಡೆತವನ್ನು ಲೋಹ ನುಂಗಿದರೆ ಒಳಗಿನವರಿಗೆ ಪೆಟ್ಟು ಕಡಿಮೆ. ಬಾನೆಟ್ ಕಾಗದದಂತೆ ಮಡಿಸಿಹೋಗಿ, ಏರ್‌ಬ್ಯಾಗ್ ಉಬ್ಬಿ, ಒಳಗಿದ್ದವರು ಕಾಲು ಕುಂಟುತ್ತ ಹೊರಬರುವುದು ಇದರಿಂದಲೇ. ಅದೇ ಬೈಕ್ ಸವಾರನೊಬ್ಬ ಬಿದ್ದರೆ ಬೈಕಿನ ಕನ್ನಡಿ ಒಡೆದಿರುತ್ತದೆ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, 32,825 ಮಂದಿ ಪಾದಚಾರಿಗಳು. ಎರಡೂ ಸೇರಿದರೆ ನೂರಕ್ಕೆ ಸುಮಾರು 64. ಪಾದಚಾರಿಗೆ ಜಜ್ಜಿಹೋಗಲು ದೇಹವೊಂದೇ ಇರುವುದು. ವಾಹನದ ಅವಸ್ಥೆ ನೋಡಿ ಹೆಲಿಕಾಪ್ಟರ್ ಕಳಿಸುವ ದೇಶ, ತನಗೇ ಗೊತ್ತಿಲ್ಲದಂತೆ, ಕಾರಿನಲ್ಲಿ ಓಡಾಡುವವರ ಪರ ನಿಯಮ ಬರೆದಿರುತ್ತದೆ.

ಹಾಗಾದರೆ ಹೆಲಿಕಾಪ್ಟರ್ ಬರಿಯ ಆಡಂಬರವೇ? ಹಾಗೆನ್ನುವವರೂ ತಪ್ಪು. 2012ರಲ್ಲಿ ಅಮೆರಿಕದ 2,23,475 ತೀವ್ರ ಗಾಯಾಳುಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು ಬಂತು. ಅತ್ಯುನ್ನತ ದರ್ಜೆಯ ಟ್ರಾಮಾ ಸೆಂಟರ್‌ಗಳಿಗೆ ಹೆಲಿಕಾಪ್ಟರ್‌ನಲ್ಲಿ ಬಂದವರು ಬದುಕುಳಿಯುವ ಸಾಧ್ಯತೆ, ಉಳಿದ ಅಂಶಗಳನ್ನು ಸರಿದೂಗಿಸಿದ ಮೇಲೂ, ನೂರಕ್ಕೆ ಒಂದೂವರೆಯಷ್ಟು ಹೆಚ್ಚು ಕಂಡಿತು. ಎಂದರೆ ಸುಮಾರು 65 ತೀವ್ರ ಗಾಯಾಳುಗಳನ್ನು ಹಾರಿಸಿದರೆ ಒಂದು ಹೆಚ್ಚಿನ ಜೀವ ಉಳಿಯುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಈ ಲೆಕ್ಕ ತೀವ್ರ ಗಾಯಾಳುಗಳದ್ದು ಮಾತ್ರ. ಕೈ ಮುರಿದವರನ್ನೂ ಅದೇ ಹೆಲಿಕಾಪ್ಟರ್‌ಗೆ ಹತ್ತಿಸಿದಷ್ಟೂ ಲಾಭ ತೆಳುವಾಗುತ್ತ ಹೋಗುತ್ತದೆ. ಅಪಾಯ ಮಾತ್ರ ಪ್ರತಿ ಹಾರಾಟಕ್ಕೂ ಅಷ್ಟೇ ಇರುತ್ತದೆ.

ವೇಗದ ಬಗ್ಗೆಯೂ ಒಂದು ಭ್ರಮೆಯಿದೆ. ಹೆಲಿಕಾಪ್ಟರ್ ವೇಗವಾಗಿ ಹಾರುತ್ತದೆ, ನಿಜ. ಆದರೆ ಗಾಯಾಳುವಿನ ಗಡಿಯಾರ ಹಾರಾಟದ ವೇಗವನ್ನಷ್ಟೇ ಎಣಿಸುವುದಿಲ್ಲ. ಕರೆ ಬರಬೇಕು, ಹವಾಮಾನ ನೋಡಬೇಕು, ಎಂಜಿನ್ ಚಾಲೂ ಆಗಬೇಕು, ತಂತಿಯಿಲ್ಲದ ಬಯಲು ಸಿಗಬೇಕು, ಜನರನ್ನು ದೂರ ಸರಿಸಬೇಕು, ಗಾಯಾಳುವನ್ನು ಕಟ್ಟಿ ಹತ್ತಿಸಬೇಕು, ಆಸ್ಪತ್ರೆಯಲ್ಲಿ ಮತ್ತೆ ಇಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಹೋಲಿಕೆಯೊಂದರ ಪ್ರಕಾರ, ಆಸ್ಪತ್ರೆ 16 ಕಿಲೋಮೀಟರ್ ಒಳಗಿದ್ದರೆ ರಸ್ತೆಯ ಆಂಬುಲೆನ್ಸೇ ಬೇಗ. ಅದರಾಚೆಗೆ ಹೆಲಿಕಾಪ್ಟರ್ ಗೆಲ್ಲುವುದು ಎರಡನ್ನೂ ಒಟ್ಟಿಗೆ ಕಳಿಸಿದಾಗ. ಮೊದಲು ಆಂಬುಲೆನ್ಸ್ ಹೋಗಿ, ನೋಡಿ, ಆಮೇಲೆ ಹೆಲಿಕಾಪ್ಟರ್ ಕರೆಸುವುದಾದರೆ, ಆಸ್ಪತ್ರೆ 72 ಕಿಲೋಮೀಟರ್‌ಗಿಂತ ದೂರವಿದ್ದರೆ ಮಾತ್ರ ಅದು ಬೇಗ. ಕ್ಯಾಲಿಫೋರ್ನಿಯಾದ ಅಂಕಿಯನ್ನು ತುಮಕೂರಿಗೋ ಸತಾರಾಕ್ಕೋ ಹಾಗೇ ಅಂಟಿಸಲಾಗದು. ಇಲ್ಲಿನ ಟ್ರಾಫಿಕ್ ಬೇರೆ, ಬಯಲು ಬೇರೆ. ಆದರೆ ಪಾಠ ಒಂದೇ. ಕರೆ ತಡವಾದಷ್ಟೂ ಹೆಲಿಕಾಪ್ಟರ್‌ನ ಪ್ರಯೋಜನ ಕರಗುತ್ತದೆ.

ಇಲ್ಲೊಂದು ಇಕ್ಕಟ್ಟು ಇದೆ ಎಂಬುದನ್ನು ಒಪ್ಪಬೇಕು. ಗಾಯಾಳುವನ್ನು ನೋಡಿ ಕಳಿಸೋಣವೆಂದರೆ ತಡ. ನೋಡದೆ ಕಳಿಸಿದರೆ ವ್ಯರ್ಥ. ಲಂಡನ್ ಏರ್ ಆಂಬುಲೆನ್ಸ್ ಇದಕ್ಕೆ ಕಂಡುಕೊಂಡ ದಾರಿ ಸರಳ. ನಗರದ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಅವರ ಪ್ಯಾರಾಮೆಡಿಕ್ ಒಬ್ಬರು ಕೂತಿರುತ್ತಾರೆ. ಸ್ವತಃ ಹೆಲಿಕಾಪ್ಟರ್‌ನಲ್ಲಿ ಹೋಗಿ ಗಾಯಾಳುಗಳನ್ನು ನೋಡಿ ಪಳಗಿದವರು. ಬರುವ ಕರೆಗಳನ್ನು ಜಾಲಾಡಿ, ಬೇಕಾದರೆ ಕರೆ ಮಾಡಿದವರ ಜೊತೆ ಮಾತಾಡಿ ತೀರ್ಮಾನಿಸುತ್ತಾರೆ: ಮಾತಾಡಿಸಿದರೆ ಉತ್ತರ ಕೊಡುತ್ತಾನಾ? ಉಸಿರಾಟ ಹೇಗಿದೆ? ರಕ್ತ ನಿಂತಿದೆಯಾ? ಕಾರಿನ ಬಗ್ಗೆ ಕೇಳಿದರೂ ಕಿವಿಯಿರುವುದು ಮನುಷ್ಯನ ಕಡೆ. ಅನುಮಾನ ಗಟ್ಟಿಯಿದ್ದರೆ ತಂಡ ಕೂಡಲೇ ಹೊರಡುತ್ತದೆ. ಮೊದಲು ತಲುಪಿದ ಆಂಬುಲೆನ್ಸ್‌ನವರು ಬೇಡವೆಂದರೆ ಅರ್ಧದಾರಿಯಿಂದ ಮರಳುತ್ತದೆ. ಹಾಗೆ ಮರಳುವುದರಲ್ಲಿ ಅವಮಾನವಿಲ್ಲ. ಇನ್ನೊಂದು ಸಂಗತಿ ಟಿವಿ ಚರ್ಚೆಗಳಿಗೆ ಎಂದೂ ಬಂದಿಲ್ಲ: ಆ ಹೆಲಿಕಾಪ್ಟರ್ ಮುಖ್ಯವಾಗಿ ಒಯ್ಯುವುದು ವೈದ್ಯರನ್ನು. ಚಿಕಿತ್ಸೆ ರಸ್ತೆಯಲ್ಲೇ ಶುರುವಾಗುತ್ತದೆ, ಬಹುಪಾಲು ಗಾಯಾಳುಗಳು ಆಮೇಲೆ ವೈದ್ಯರ ಜೊತೆಯಲ್ಲಿ ರಸ್ತೆಯ ಆಂಬುಲೆನ್ಸ್‌ನಲ್ಲೇ ಆಸ್ಪತ್ರೆಗೆ ಹೋಗುತ್ತಾರೆ. ರಾತ್ರಿ ಹೊತ್ತು ಅದೇ ತಂಡ ಕಾರಿನಲ್ಲಿ ಹೊರಡುತ್ತದೆ.

ಈಗ ಭಾರತಕ್ಕೆ ಬರೋಣ. ಇಲ್ಲಿ ಏರ್ ಆಂಬುಲೆನ್ಸ್ ಎಂದರೆ ಹೆಚ್ಚಾಗಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ಸೇವೆ. 2022ರ ಡಿಸೆಂಬರ್ 30ರ ಮುಂಜಾನೆ ಕ್ರಿಕೆಟಿಗ ರಿಷಭ್ ಪಂತ್ ಅವರ ಕಾರು ರೂರ್ಕಿ ಬಳಿ ಡಿವೈಡರ್‌ಗೆ ಬಡಿದು ಹೊತ್ತಿ ಉರಿಯಿತು. ಅವರನ್ನು ಮೊದಲು ಕಾಪಾಡಿದವರು ಹರಿಯಾಣ ರೋಡ್‌ವೇಸ್ ಬಸ್ಸಿನ ಚಾಲಕ ಮತ್ತು ನಿರ್ವಾಹಕ. ಹತ್ತಿರದ ಆಸ್ಪತ್ರೆಗೆ, ಅಲ್ಲಿಂದ ಡೆಹ್ರಾಡೂನ್‌ಗೆ ಹೋದದ್ದು ರಸ್ತೆಯಲ್ಲೇ. ಏರ್ ಆಂಬುಲೆನ್ಸ್ ಬಂದದ್ದು ದಿನಗಳ ನಂತರ, ಮಂಡಿಯ ಚಿಕಿತ್ಸೆಗೆ ಮುಂಬೈಗೆ ಒಯ್ಯಲು. ದೇಶದ ಅತಿ ಪ್ರಸಿದ್ಧ ಗಾಯಾಳುವಿನ ಜೀವವೂ ಉಳಿದದ್ದು ನೆಲದ ಮೇಲಿನವರಿಂದ. 2023ರ ಜುಲೈ 1ರಂದು ಸಮೃದ್ಧಿ ಮಹಾಮಾರ್ಗದಲ್ಲಿ ಬುಲ್ಢಾಣಾ ಬಳಿ ಬಸ್ಸು ಉರುಳಿ ಬೆಂಕಿ ಹತ್ತಿ 25 ಮಂದಿ ಸತ್ತಾಗಲೂ ಹೆಲಿಕಾಪ್ಟರ್‌ನ ಮಾತು ಎತ್ತುವವರು ಒಂದು ಕ್ಷಣ ಯೋಚಿಸಬೇಕು. ಬಾಗಿಲಿನ ಮೇಲೇ ಮಗುಚಿಬಿದ್ದ ಬಸ್ಸಿನೊಳಗೆ ಸಿಕ್ಕಿಬಿದ್ದವರಿಗೆ ಬೇಕಾಗಿದ್ದದ್ದು ತುರ್ತು ನಿರ್ಗಮನ, ಆಕಾಶದಿಂದ ಬರುವ ನೆರವಲ್ಲ.

2024ರ ಅಕ್ಟೋಬರ್ 29ರಂದು ಋಷಿಕೇಶದ ಏಮ್ಸ್‌ನಲ್ಲಿ ‘ಸಂಜೀವನಿ’ ಹೆಲಿಕಾಪ್ಟರ್ ಸೇವೆ ಶುರುವಾಯಿತು. ಉತ್ತರಾಖಂಡದ ಬೆಟ್ಟಗಳಲ್ಲಿ, ರಸ್ತೆಯೇ ಕುಸಿದುಹೋಗುವ ಕಡೆ, ಇದಕ್ಕೆ ಅರ್ಥವಿದೆ. ಏಳು ತಿಂಗಳೂ ತುಂಬುವ ಮೊದಲೇ, 2025ರ ಮೇ 17ರಂದು, ರೋಗಿಯನ್ನು ಕರೆತರಲು ಹೋದ ಆ ಹೆಲಿಕಾಪ್ಟರ್ ಕೇದಾರನಾಥದಲ್ಲಿ ಇಳಿಯುವಾಗ ನೆಲಕ್ಕೆ ಬಡಿದು ಬಾಲ ಮುರಿದುಕೊಂಡಿತು. ಒಳಗಿದ್ದವರೆಲ್ಲ ಬದುಕಿದರು. ಸೇವೆ ತಪ್ಪೆಂದು ಇದರಿಂದ ಸಾಬೀತಾಗುವುದಿಲ್ಲ. ಪ್ರತಿ ಹಾರಾಟವೂ ಒಂದು ಪಣ ಎಂಬುದಷ್ಟೇ ನೆನಪಾಗುತ್ತದೆ. ಪಣಕ್ಕೆ ತಕ್ಕ ಕಾರಣ ಇರಬೇಕು. ಮಧ್ಯಪ್ರದೇಶ 2024ರಲ್ಲಿ ಆಯುಷ್ಮಾನ್ ಕಾರ್ಡ್ ಇರುವ ಬಡವರಿಗೂ ಉಚಿತವಾಗಿ ಏರ್ ಆಂಬುಲೆನ್ಸ್ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿ ಅನುಮತಿ ಕೊಡಬೇಕಾದವರು ಜಿಲ್ಲಾಧಿಕಾರಿ, ವಿಭಾಗ ದಾಟಿದರೆ ವಿಭಾಗೀಯ ಆಯುಕ್ತರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸಲು ಈ ಕ್ರಮ ನಡೆದೀತು. ರಸ್ತೆಯಲ್ಲಿ ರಕ್ತ ಸುರಿಸುತ್ತ ಬಿದ್ದವನಿಗೆ ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟು ಆಯುಷ್ಯ ಎಲ್ಲಿರುತ್ತದೆ?

‘ಒಂದು ಜೀವಕ್ಕೆ ಬೆಲೆ ಕಟ್ಟುತ್ತೀರಾ?’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಕೇಳುವವರ ಅನುಕಂಪ ನಿಜವಾದದ್ದೇ ಇರಬಹುದು, ಲೆಕ್ಕ ಅರೆಬರೆ. ಹೆಲಿಕಾಪ್ಟರ್‌ನೊಳಗಿನ ಪೈಲಟ್, ನರ್ಸ್, ವೈದ್ಯರದ್ದೂ ಜೀವವೇ. ಕಾಲು ಮುರಿದವನನ್ನು ಅದು ಒಯ್ಯುತ್ತಿರುವಾಗ ಅರವತ್ತು ಕಿಲೋಮೀಟರ್ ಆಚೆ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವಳದ್ದೂ ಜೀವವೇ. ಇರುವುದೊಂದೇ ಹೆಲಿಕಾಪ್ಟರ್ ಆದಾಗ ಪ್ರತಿ ‘ಹೌದು’ ಇನ್ನೊಬ್ಬರಿಗೆ ಹೇಳಿದ ‘ಇಲ್ಲ’ ಆಗಿರುತ್ತದೆ. ಆ ಇನ್ನೊಬ್ಬರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಅಷ್ಟೇ.

‘ಗೋಲ್ಡನ್ ಅವರ್’ ಎಂಬುದು ಎರಡನೆಯ ವಾದ. 2019ರ ತಿದ್ದುಪಡಿಯ ನಂತರ ಭಾರತದ ಮೋಟಾರು ವಾಹನ ಕಾಯ್ದೆಯಲ್ಲೇ ಆ ಪದಕ್ಕೆ ವ್ಯಾಖ್ಯೆಯಿದೆ: ಗಾಯವಾದ ನಂತರದ ಒಂದು ಗಂಟೆ. ಆದರೆ ಆ ಅರವತ್ತು ನಿಮಿಷಕ್ಕೆ ಗಟ್ಟಿ ಪುರಾವೆ ಎಲ್ಲಿದೆ ಎಂದು 2001ರಲ್ಲೇ ಇಬ್ಬರು ಅಮೆರಿಕನ್ ವೈದ್ಯಕೀಯ ಸಂಶೋಧಕರು ಹುಡುಕಿದಾಗ ಅವರಿಗೆ ಮೂಲ ಸಿಗಲಿಲ್ಲ. ಬೇಗ ಚಿಕಿತ್ಸೆ ಸಿಗಬೇಕೆಂಬುದು ನಿಸ್ಸಂಶಯ. ಆದರೆ ಒಳಗೆ ರಕ್ತ ಸೋರುತ್ತಿರುವವನಿಗೆ ಒಂದು ಗಂಟೆಯೂ ತೀರಾ ದೀರ್ಘ. ಮುಂಗೈ ಮುರಿದವನಿಗೆ ನಾಲ್ಕು ಗಂಟೆಯಾದರೂ ಪ್ರಾಣಕ್ಕೆ ಅಪಾಯವಿಲ್ಲ. ಎಲ್ಲರಿಗೂ ಒಂದೇ ಗಂಟೆ ಕಟ್ಟಿದರೆ ಯಾರಿಗೆ ಅವಸರ ಎಂಬುದೇ ಮರೆತುಹೋಗುತ್ತದೆ.

ಆದ್ದರಿಂದ ಹೆದ್ದಾರಿಗಳಿಗೆ ಹೆಲಿಕಾಪ್ಟರ್ ತರಲು ಹೊರಟ ಯಾವ ಸರ್ಕಾರವೂ ಟೆಂಡರ್ ಕರೆಯುವ ಮೊದಲು ಒಂದು ಪುಟದ ನಿಯಮ ಬರೆಯಲಿ. ಮೊದಲು ದೇಹ: ಗಾಯಾಳು ಹೇಳಿದ ಮಾತು ಕೇಳಿ ಕೈ ಎತ್ತುತ್ತಾನೆಯೇ, ರಕ್ತದೊತ್ತಡ ಕುಸಿದಿದೆಯೇ, ಉಸಿರು ತೀರಾ ನಿಧಾನವೋ ತೀರಾ ವೇಗವೋ, ಕೈಕಾಲಿನ ಬಲ ಹೋಗಿದೆಯೇ. ಆಮೇಲೆ ನಿಮಿಷಗಳ ಲೆಕ್ಕ: ಹತ್ತುವುದು ಇಳಿಯುವುದು ಎಲ್ಲ ಸೇರಿ ರಸ್ತೆಗಿಂತ ನಿಜವಾಗಿ ಬೇಗವೇ, ಅಥವಾ ರಸ್ತೆಯಲ್ಲಿ ಸಿಗದ ವೈದ್ಯರನ್ನೋ ರಕ್ತವನ್ನೋ ಅದು ತರುತ್ತದೆಯೇ. ಬರೀ ವಾಹನದ ಸ್ಥಿತಿಯೇ ಕಾರಣವಾದರೆ ಟ್ರಾಮಾ ವೈದ್ಯರೊಬ್ಬರ ಒಪ್ಪಿಗೆ ಬೇಕು. ತೀರ್ಮಾನ 108ರ ಕಂಟ್ರೋಲ್ ರೂಮಿನಲ್ಲಿ ಕೂತ ತಜ್ಞರದ್ದು. ಜಿಲ್ಲಾಧಿಕಾರಿಯದ್ದಲ್ಲ, ಶಾಸಕರ ಆಪ್ತ ಸಹಾಯಕರದ್ದಂತೂ ಅಲ್ಲವೇ ಅಲ್ಲ. ಆ ತಜ್ಞರಿಗೆ ಗಾಯಾಳುವಿನ ಹೆಸರು, ಹುದ್ದೆ ಗೊತ್ತಾಗಬೇಕಿಲ್ಲ. ಹಾರಬಹುದೋ ಇಲ್ಲವೋ ಎಂಬುದು ಪೈಲಟ್‌ಗೆ ಬಿಟ್ಟದ್ದು. ಕೆಳಗಿರುವುದು ಮಗುವೋ ಮಂತ್ರಿಯೋ ಎಂದು ಅವರಿಗೆ ಮೊದಲೇ ತಿಳಿಸಬಾರದು, ಯಾಕೆಂದರೆ ಮರುಕದಿಂದ ಮೋಡ ಸರಿಯುವುದಿಲ್ಲ. ಕೊನೆಯದಾಗಿ, ಹೆಲಿಕಾಪ್ಟರ್‌ನಲ್ಲಿ ಬಂದವರಲ್ಲಿ ಎಷ್ಟು ಮಂದಿ ಮರುದಿನವೇ ಮನೆಗೆ ಹೋದರು, ಹೆಲಿಕಾಪ್ಟರ್ ಸಿಗದೆ ಎಷ್ಟು ಮಂದಿ ಸತ್ತರು ಎಂಬ ಎರಡೂ ಲೆಕ್ಕ ಪ್ರತಿವರ್ಷ ಪ್ರಕಟವಾಗಬೇಕು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವುದು ಮೋಸ.

ಈ ಪುಟ ಬರೆಯಲು ಹೆಲಿಕಾಪ್ಟರ್ ಬೇಕಿಲ್ಲ. ಅದೇ ನಿಯಮ, ಅದೇ ಫೋನ್, ಅದೇ ತಜ್ಞರು ರಸ್ತೆಯ ಆಂಬುಲೆನ್ಸ್‌ಗಳಿಗೂ ಬೇಕು: ಯಾವ ಗಾಯಾಳು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ, ಯಾವ ಗಾಯಾಳು ನೇರ ದೊಡ್ಡ ಆಸ್ಪತ್ರೆಗೆ ಎಂಬ ತೀರ್ಮಾನಕ್ಕೆ. ಆ ತೀರ್ಮಾನ ಸರಿಯಾದರೆ ಸಾವಿರಾರು ಜನರಿಗೆ ಪ್ರಯೋಜನ. ಹೆಲಿಕಾಪ್ಟರ್ ತಲುಪುವುದು ಕೆಲವರನ್ನಷ್ಟೇ. ಕರ್ನಾಟಕ 2016ರಲ್ಲಿ ತಂದ ಸಾಂತ್ವನ ಹರೀಶ್ ಯೋಜನೆ ರಾಜ್ಯದ ರಸ್ತೆಯಲ್ಲಿ ಗಾಯಗೊಂಡವರು ಯಾವ ರಾಜ್ಯದವರೆಂದು ಕೇಳದೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಕೇಂದ್ರ ಸರ್ಕಾರದ 2025ರ ನಗದುರಹಿತ ಚಿಕಿತ್ಸಾ ಯೋಜನೆ ಅದನ್ನು ದೇಶಕ್ಕೆಲ್ಲ ವಿಸ್ತರಿಸಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ಹೆಚ್ಚಿಸಿತು. ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದಿನಿಂದ ಕಲಬುರಗಿಗೆ, ಚೆನ್ನೈನಿಂದ ಬೆಂಗಳೂರಿಗೆ ಹಬ್ಬಕ್ಕೆಂದು ರಾತ್ರಿ ಕಾರು ಓಡಿಸುವ ಕುಟುಂಬಕ್ಕೆ ಹಣದ ಆಸರೆ ಕಾಗದದ ಮೇಲಾದರೂ ಬಂದಿದೆ. ಬರದೇ ಇರುವುದು, ಸರಿಯಾದ ಗಾಯಾಳುವಿಗೆ ಸರಿಯಾದ ವಾಹನ, ಸರಿಯಾದ ಆಸ್ಪತ್ರೆ ಯಾವುದೆಂದು ಹೇಳಬಲ್ಲ ದನಿ.

ಆ ದನಿಯಿಲ್ಲದೆ ಬರುವ ಹೆಲಿಕಾಪ್ಟರ್ ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿನ ಮಲ್ಲಿಗೆ. ಉದ್ಘಾಟನೆಯ ದಿನ ಚೆನ್ನಾಗಿ ಕಾಣುತ್ತದೆ. ಮುಂದಿನ ದೊಡ್ಡ ಅಪಘಾತದ ಮರುದಿನ ಮಂತ್ರಿಗಳು ಮತ್ತೆ ಏರ್ ಆಂಬುಲೆನ್ಸ್ ಭರವಸೆ ಕೊಟ್ಟಾಗ, ಬೆಲೆ ಎಷ್ಟು ಎಂದು ಕೇಳುವ ಮೊದಲು ವರದಿಗಾರರು ಒಂದು ಪ್ರಶ್ನೆ ಕೇಳಲಿ: ‘ಯಾರನ್ನು ನೋಡಿ ಕಳಿಸುತ್ತೀರಿ, ಸ್ವಾಮಿ? ಬರೆದಿಟ್ಟಿದ್ದರೆ ತೋರಿಸಿ.’